ಹೈಸ್ಕೂಲು ಮಕ್ಕಳ ಊಟದ ಡಬ್ಬಿ ಅರ್ಧ ತುಂಬಿಯೇ ಯಾಕೆ ವಾಪಸ್ ಬರುತ್ತದೆ

ಮಕ್ಕಳ ಪೋಷಣೆಯ ಕೆಲಸದಲ್ಲಿರುವ ನಮ್ಮಂಥ ಡಯಟೀಶಿಯನ್‌ಗಳನ್ನು ಅಪ್ಪ-ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ, ‘ಡಬ್ಬಿಗೆ ಏನು ಹಾಕಬೇಕು?’ ಎಂದು. ಅದಕ್ಕೂ ಮೊದಲು ನೋಡಬೇಕಾದದ್ದು ಡಬ್ಬಿಯಲ್ಲಿ ಏನು ವಾಪಸ್ ಬರುತ್ತಿದೆ ಎಂಬುದನ್ನು. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು ಊಟ ಉಳಿಸಿ ತಂದರೆ ಅಡುಗೆಯ ರುಚಿ ಕೆಟ್ಟದ್ದೆಂದು ತಿಳಿಯಬೇಡಿ. ಬೆಳಗ್ಗೆ ಏಳಕ್ಕೆ ಒಲೆಯಿಂದ ಇಳಿಸಿದಾಗ ಅದು ಚೆನ್ನಾಗಿಯೇ ಇತ್ತು. ಮಗು ಅದನ್ನು ತೆರೆಯುವುದು ಮಧ್ಯಾಹ್ನ ಒಂದರ ಹೊತ್ತಿಗೆ. ಅಷ್ಟರಲ್ಲಿ ಚಪಾತಿ ಬಿರುಸಾಗಿರುತ್ತದೆ, ಬಾತ್ ಗಟ್ಟಿಯಾಗಿರುತ್ತದೆ, ಸೌತೆಕಾಯಿ ನೀರು ಬಿಟ್ಟಿರುತ್ತದೆ. ಡಬ್ಬಿಯ ಊಟವನ್ನು ಮಧ್ಯಾಹ್ನ ಒಂದಕ್ಕೆ ಅದು ಹೇಗಿರುತ್ತದೆ ಎಂದು ಯೋಚಿಸಿಯೇ ಮಾಡಬೇಕು. ಅನುಮಾನವಿದ್ದರೆ ಅದೇ ಊಟದ ಒಂದು ತುತ್ತನ್ನು ಮುಚ್ಚಿದ ಡಬ್ಬಿಯಲ್ಲಿ ಅಡುಗೆಮನೆ ಕಟ್ಟೆಯ ಮೇಲಿಟ್ಟು, ಮಧ್ಯಾಹ್ನ ನೀವೇ ತಿಂದು ನೋಡಿ.

ಒಂದು ವಾರ ಏನನ್ನೂ ಬದಲಿಸದೆ, ವಾಪಸ್ ಬಂದದ್ದನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡಿ. ಪಲ್ಯ ಮಾತ್ರ ಉಳಿದಿದ್ದರೆ ಸಮಯ ಸಾಲುತ್ತಿಲ್ಲ ಎಂದು ಅರ್ಥ. ಹಣ್ಣು ಇಡಿಯಾಗಿ ಬಂದರೆ ಅದನ್ನು ಹೆಚ್ಚಿ ಕಳಿಸಿಲ್ಲ ಅಷ್ಟೇ. ಊಟ ಪೂರ್ತಿ ಹಾಗೇ ಬಂದರೆ, ಮಗು ಡಬ್ಬಿ ತೆರೆಯುವುದಕ್ಕೇ ಮುಜುಗರಪಡುತ್ತಿರಬಹುದು ಅಥವಾ ಬೇರೇನೋ ಕೊಂಡು ತಿಂದಿರಬಹುದು. ಕಾರಣ ಬೇರೆಯಾದರೆ ಪರಿಹಾರವೂ ಬೇರೆ.

ಸಮಯದ ಲೆಕ್ಕ ದೊಡ್ಡವರಿಗೆ ಗೊತ್ತಾಗುವುದು ಕಡಿಮೆ. ಊಟದ ಬಿಡುವು ನಲವತ್ತು ನಿಮಿಷ ಎಂದಿದ್ದರೂ ನಲ್ಲಿಯ ಮುಂದಿನ ಸಾಲು, ಗೆಳೆಯರ ಜೊತೆ ಜಾಗ ಹುಡುಕುವುದು, ಆಟದ ಮೈದಾನ ಎಲ್ಲ ಕಳೆದರೆ ತಿನ್ನಲು ಸಿಗುವುದು ಹದಿನೈದು ನಿಮಿಷ. ಚಪಾತಿ ಹರಿದು, ಪಲ್ಯ ಅದ್ದಿ ತಿನ್ನುವ ಊಟ ಅಷ್ಟರಲ್ಲಿ ಮುಗಿಯುವುದಿಲ್ಲ. ಅದೇ ಪಲ್ಯವನ್ನು ಸಣ್ಣಗೆ ಹೆಚ್ಚಿ, ನೀರಿಲ್ಲದ ಹಾಗೆ ಬಾಡಿಸಿ, ಚಪಾತಿಯೊಳಗೆ ಸುತ್ತಿ ಎರಡು ತುಂಡು ಮಾಡಿ ಕೊಟ್ಟರೆ ನಿಂತುಕೊಂಡೇ ತಿಂದು ಮುಗಿಸುತ್ತಾರೆ. ತರಕಾರಿಯೂ ಹೊಟ್ಟೆ ಸೇರುತ್ತದೆ.

ಚಪಾತಿ ಬಿರುಸಾಗಲು ಮುಖ್ಯ ಕಾರಣ ಹಿಟ್ಟಿಗೆ ನೀರು ಕಡಿಮೆಯಾಗುವುದು, ಆಮೇಲೆ ಹೆಂಚಿನ ಮೇಲೆ ಹೆಚ್ಚು ಹೊತ್ತು ಬಿಡುವುದು. ಒಂದು ಕಪ್ ಗೋಧಿ ಹಿಟ್ಟಿಗೆ ಒಂದು ಚಮಚ ಎಣ್ಣೆ, ಎರಡು ಚಮಚ ಮೊಸರು ಹಾಕಿ, ಬೆಚ್ಚಗಿನ ನೀರಿನಲ್ಲಿ ಸಾಮಾನ್ಯಕ್ಕಿಂತ ಸ್ವಲ್ಪ ಮೆತ್ತಗೆ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಹೆಂಚು ಚೆನ್ನಾಗಿ ಕಾದಿರಲಿ, ಬೇಗ ಬೇಯಿಸಿ ತೆಗೆಯಿರಿ. ರಾಗಿ ಅಥವಾ ಜೋಳದ ಹಿಟ್ಟು ಸೇರಿಸುವುದಾದರೆ ಮೂರು ಪಾಲು ಗೋಧಿಗೆ ಒಂದು ಪಾಲು ಸಾಕು. ರಾಗಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲ, ಅದಕ್ಕಿಂತ ಹೆಚ್ಚು ಹಾಕಿದರೆ ಸುತ್ತುವಾಗ ಹರಿಯುತ್ತದೆ. ನುಗ್ಗೆಸೊಪ್ಪು, ಮೆಂತ್ಯ ಸೊಪ್ಪನ್ನು ಒಂದು ಹಿಡಿ ಸಣ್ಣಗೆ ಹೆಚ್ಚಿ ಹಿಟ್ಟಿಗೇ ಕಲಸಬಹುದು. ಸುಟ್ಟ ತಕ್ಷಣ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದರೆ ಆವಿ ನೀರಾಗಿ ತಳದ ಚಪಾತಿ ಅಂಟಂಟಾಗುತ್ತದೆ. ತಟ್ಟೆಯಲ್ಲಿ ಐದು ನಿಮಿಷ ಆರಿಸಿ, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಹಾಕಿ.

ಇನ್ನು ಅನ್ನದ ಡಬ್ಬಿ. ನಮ್ಮ ಕಡೆ ಚಿತ್ರಾನ್ನ, ಪುಳಿಯೋಗರೆ, ಟೊಮ್ಯಾಟೊ ಬಾತ್ ಬಿಟ್ಟರೆ ಬೆಳಗಿನ ಹೊತ್ತು ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಇಲ್ಲಿರುವ ಕೊರತೆ ಪ್ರೋಟೀನಿನದು. ಐಸಿಎಂಆರ್–ಎನ್‌ಐಎನ್ (ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ) 2020ರ ಶಿಫಾರಸಿನಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 43 ಗ್ರಾಂ, ಹುಡುಗನಿಗೆ 45 ಗ್ರಾಂ ಪ್ರೋಟೀನ್ ಬೇಕು. ಅದರ ಮೂರನೇ ಒಂದು ಪಾಲು, ಅಂದರೆ ಸುಮಾರು 15 ಗ್ರಾಂ, ಡಬ್ಬಿಯಿಂದ ಬರಬೇಕು. 100 ಗ್ರಾಂ ಅಕ್ಕಿಯಲ್ಲಿ ಮಾಡಿದ ಚಿತ್ರಾನ್ನದಲ್ಲಿ ಸಿಗುವುದು 8 ಗ್ರಾಂ ಮಾತ್ರ. ಒಗ್ಗರಣೆಗೆ ಬೀಳುವ ನಾಲ್ಕು ಕಡಲೆಬೀಜದಿಂದ ಏನೂ ಆಗುವುದಿಲ್ಲ. ಒಬ್ಬರ ಪಾಲಿಗೆ 20 ಗ್ರಾಂ, ಅಂದರೆ ಎರಡು ದೊಡ್ಡ ಚಮಚ ಕಡಲೆಬೀಜ ಹುರಿದು ಹಾಕಿದರೆ 5 ಗ್ರಾಂ ಸೇರುತ್ತದೆ. ಜೊತೆಗೆ ಸಣ್ಣ ಡಬ್ಬಿಯಲ್ಲಿ 100 ಗ್ರಾಂ ಮೊಸರಿದ್ದರೆ ಇನ್ನೂ 3. ಲೆಕ್ಕ ಸರಿಹೋಯಿತು, ಅಡುಗೆ ಬದಲಾಗಲಿಲ್ಲ. ನಿಂಬೆರಸವನ್ನು ಒಲೆ ಆರಿಸಿ ಅನ್ನ ಸ್ವಲ್ಪ ತಣಿದ ಮೇಲೆ ಹಿಂಡಿ. ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ, ರುಚಿಯೂ ಕಹಿಯಾಗುತ್ತದೆ.

ಬಿಸಿಬೇಳೆಬಾತ್‌ನಲ್ಲಿ ಇನ್ನೂ ಸುಲಭ. ಅಕ್ಕಿ ಹೆಚ್ಚು, ಬೇಳೆ ಕಡಿಮೆ ಹಾಕುವುದನ್ನು ಬಿಟ್ಟು ಸಮಸಮ ಮಾಡಿ. 50 ಗ್ರಾಂ ಅಕ್ಕಿಗೆ 50 ಗ್ರಾಂ ತೊಗರಿಬೇಳೆ ಹಾಕಿದರೆ ಪ್ರೋಟೀನ್ ಸುಮಾರು 15 ಗ್ರಾಂ ಆಗುತ್ತದೆ. ಆದರೆ ತಣ್ಣಗಾದ ಬಾತ್ ಗಟ್ಟಿ ಮುದ್ದೆಯಾಗುವುದೇ ಮಕ್ಕಳ ದೊಡ್ಡ ದೂರು. ಡಬ್ಬಿಗೆ ಹಾಕುವ ಮುನ್ನ ಒಬ್ಬರ ಪಾಲಿಗೆ ಅರ್ಧ ಕಪ್ ಕುದಿಯುವ ನೀರು ಸೇರಿಸಿ, ಸಾರಿನಂತೆ ಕಾಣುವಷ್ಟು ತೆಳ್ಳಗೆ ಮಾಡಿ ಒಂದು ಕುದಿ ಬರಿಸಿ. ಮಧ್ಯಾಹ್ನಕ್ಕೆ ಅದು ಹದಕ್ಕೆ ಬಂದಿರುತ್ತದೆ. ಪಲಾವಿಗೆ ಸೋಯಾ ಚಂಕ್ಸ್ ಹಾಕುವುದು ಒಳ್ಳೆಯ ದಾರಿ: 20 ಗ್ರಾಂ ಒಣ ಸೋಯಾದಲ್ಲಿ 10 ಗ್ರಾಂ ಪ್ರೋಟೀನ್ ಇದೆ. ಮಕ್ಕಳು ಬೇಡವೆನ್ನುವುದು ಅದರ ಹಸಿ ವಾಸನೆಗೆ. ಉಪ್ಪು ಹಾಕಿದ ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ, ತಣ್ಣೀರಿನಲ್ಲಿ ಇನ್ನೊಮ್ಮೆ ತೊಳೆದು ಹಿಂಡಿ, ಈರುಳ್ಳಿ–ಮಸಾಲೆ ಜೊತೆ ಹುರಿದ ಮೇಲೆ ಅಕ್ಕಿ ಹಾಕಿ.

ಇಲ್ಲಿ ಒಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ರಾತ್ರಿಯಿಡೀ ಹೊರಗಿಟ್ಟ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಡಬ್ಬಿಗೆ ತುಂಬಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಷ್ಟು ಹೊತ್ತು ಅದು ಬೆಳೆಯುತ್ತದೆ, ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿ ಅನ್ನವನ್ನೇ ಬಳಸಬೇಕೆಂದಿದ್ದರೆ ಮಾಡಿದ ಒಂದು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್ಜಿಗೆ ಸೇರಿಸಿ.

ಮೊಸರನ್ನ ಹುಳಿಯಾಗದಿರಲು ಅಜ್ಜಿಯಂದಿರ ಹಳೆಯ ಕ್ರಮವೇ ಸರಿ: ಮೆತ್ತಗಿನ ಅನ್ನವನ್ನು ಕಾಯಿಸಿ ಆರಿಸಿದ ಮುಕ್ಕಾಲು ಕಪ್ ಹಾಲಿನಲ್ಲಿ ಕಿವುಚಿ, ಉಗುರುಬೆಚ್ಚಗಿರುವಾಗ ಎರಡು ಚಮಚ ಮೊಸರು ಸೇರಿಸಿ. ಡಬ್ಬಿಯೊಳಗೇ ಹೆಪ್ಪಾಗುತ್ತದೆ. ಸೌತೆಕಾಯಿ, ಕ್ಯಾರೆಟ್ ತುರಿದು ಬೆರೆಸಿದರೆ ನೀರಾಗುತ್ತದೆ. ದಾಳಿಂಬೆ ಕಾಳು ನಿಲ್ಲುತ್ತದೆ. ಕೋಸಂಬರಿಯನ್ನು ಡಬ್ಬಿಗೆ ಹಾಕಲೇಬೇಡಿ ಎಂಬುದು ನಮ್ಮ ಅಭಿಪ್ರಾಯ. ನೆನೆದ ಹಸಿ ಬೇಳೆ ಐದಾರು ಗಂಟೆ ಬೆಚ್ಚಗಿನ ಬ್ಯಾಗಿನಲ್ಲಿ ಇರಬಾರದು. ಮೊಳಕೆ ಕಾಳನ್ನೂ ಆವಿಯಲ್ಲಿ ಬೇಯಿಸಿ ಉಸಲಿ ಮಾಡಿಯೇ ಕಳಿಸಿ.

ಹಣ್ಣಿನ ವಿಷಯ ಬಂದರೆ ಸೇಬಿಗಿಂತ ಸೀಬೆಹಣ್ಣು ಮೇಲು. ಹೆಚ್ಚಿದ ಸೇಬು ಕಂದುಬಣ್ಣಕ್ಕೆ ತಿರುಗಿದರೆ ಮುಟ್ಟುವುದಿಲ್ಲ, ಸೀಬೆಗೆ ಉಪ್ಪು–ಖಾರದ ಪುಡಿ ಉದುರಿಸಿ ಕೊಟ್ಟರೆ ಪಕ್ಕದವರೂ ಕೈಹಾಕುತ್ತಾರೆ. ಸೀಬೆಯಲ್ಲಿರುವ ವಿಟಮಿನ್ ಸಿ, ಕಾಳು–ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಇದು ಸಣ್ಣ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ದೇಶದ 15–19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಹದಿನಾಲ್ಕರ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ ಅದೇ ವಯಸ್ಸಿನ ಹುಡುಗಿಗೆ 30 ಬೇಕು. ಮನೆಯಲ್ಲಿ ಊಟದ ಜೊತೆ, ಊಟವಾದ ತಕ್ಷಣ ಕಾಫಿ–ಟೀ ಕುಡಿಯುವ ರೂಢಿಯಿದ್ದರೆ ನಡುವೆ ಒಂದು ಗಂಟೆ ಬಿಡಿಸಿ, ಅವು ಕಬ್ಬಿಣಾಂಶಕ್ಕೆ ಅಡ್ಡಿ. ಮೊಟ್ಟೆ ತಿನ್ನುವ ಮನೆಯಾದರೆ ಅದನ್ನು ಬೆಳಗಿನ ತಿಂಡಿಯ ಜೊತೆ ಮನೆಯಲ್ಲೇ ಕೊಡಿ. ಡಬ್ಬಿಯಲ್ಲಿ ಅದರ ವಾಸನೆ ಮಕ್ಕಳನ್ನು ಮುಜುಗರಕ್ಕೆ ಸಿಕ್ಕಿಸುತ್ತದೆ.

ಮುಜುಗರ ಎಂದರೆ ಆ ವಯಸ್ಸಿನಲ್ಲಿ ಸಣ್ಣದಲ್ಲ. ಸಾಂಬಾರು ಚೆಲ್ಲಿ ಪುಸ್ತಕ ನೆಂದ ದಿನವೇ ಎಷ್ಟೋ ಮಕ್ಕಳು ಡಬ್ಬಿ ಒಯ್ಯುವುದನ್ನು ನಿಲ್ಲಿಸುತ್ತಾರೆ. ಮುಚ್ಚಳದ ರಬ್ಬರ್ ರಿಂಗನ್ನು ವಾರಕ್ಕೊಮ್ಮೆ ಚಾಕುವಿನ ತುದಿಯಿಂದ ಬಿಡಿಸಿ, ಬಿಸಿ ನೀರು–ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಹಳೆಯ ವಾಸನೆ ಕೂರುವುದು ಅಲ್ಲಿಯೇ. ಸಡಿಲವಾಗಿದ್ದರೆ ರಿಂಗ್ ಬದಲಿಸಿ. ನೀರು ತುಂಬಿ, ಮುಚ್ಚಿ, ಬೋರಲು ಹಿಡಿದು ನೋಡದೆ ಹೊಸ ಡಬ್ಬಿಯನ್ನು ಬ್ಯಾಗಿಗೆ ಹಾಕಬೇಡಿ.

ಮಕ್ಕಳ ಜೊತೆ ಮಾತಾಡುವಾಗ ‘ಇದು ಆರೋಗ್ಯಕ್ಕೆ ಒಳ್ಳೆಯದು’ ಎಂದು ಶುರುಮಾಡಿದರೆ ಅವರು ಕೇಳುವುದು ಅಲ್ಲಿಗೇ ನಿಂತಿತು. ಭಾನುವಾರ ರಾತ್ರಿ ಆರು ಡಬ್ಬಿಯ ಹೆಸರು ಬರೆದು, ಅದರಲ್ಲಿ ಐದನ್ನು ಅವರೇ ಆರಿಸಲಿ. ಆರಿಸಿದ್ದನ್ನು ಬದಲಿಸದೆ ಮಾಡಿಕೊಡಿ. ವಾರಕ್ಕೆ ಒಂದೇ ಬದಲಾವಣೆ ಸಾಕು. ಸೋಮವಾರವೇ ಬಿಳಿ ಅನ್ನ, ಉಪ್ಪಿನಕಾಯಿ, ಚಿಪ್ಸ್ ಎಲ್ಲವನ್ನೂ ಒಟ್ಟಿಗೆ ತೆಗೆದರೆ ಮಗು ಡಬ್ಬಿಯನ್ನೇ ಬಿಡುತ್ತದೆ. ಗೆಳೆಯರು ಒಬ್ಬರ ಡಬ್ಬಿಗೆ ಒಬ್ಬರು ಕೈಹಾಕುವುದು ಖಂಡಿತ, ಹಾಗಾಗಿ ಒಂದು ಹಿಡಿ ಹೆಚ್ಚಿಗೆ ಹಾಕಿ.

ಡಬ್ಬಿ ಸದಾ ತೊಳೆದಷ್ಟು ಖಾಲಿಯಾಗಿ ಬಂದು, ಮಗು ಮಾತ್ರ ಸೊರಗುತ್ತಿದ್ದರೆ, ಊಟ ಬಿಸಾಡುತ್ತಿರಬಹುದು. ಮುಟ್ಟು ತಪ್ಪುವುದು, ತಲೆಸುತ್ತು, ಮನೆಯವರ ಜೊತೆ ಕೂತು ಉಣ್ಣಲು ನೆಪ ಹೇಳುವುದು ಕಂಡರೆ ಗದರದೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಮನೆಯಲ್ಲಿ ‘ದಪ್ಪಗಾಗಿದ್ದೀಯ’ ಎಂಬ ಮಾತು ಇವತ್ತೇ ನಿಲ್ಲಲಿ. ಶಾಲೆಯ ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯದೆ, ಊಟವನ್ನೂ ಕಡಿಮೆ ಮಾಡುವ ಹುಡುಗಿಯರೂ ಇದ್ದಾರೆ. ಅದನ್ನು ಡಬ್ಬಿಯಿಂದ ಸರಿಪಡಿಸಲಾಗದು, ಪೋಷಕರ ಸಭೆಯಲ್ಲಿ ಎತ್ತಬೇಕು.

ಟ್ಯೂಷನ್ನಿಗೆ ಹೋಗುವ ಮಕ್ಕಳಿಗೆ ಎರಡನೇ ಪುಟ್ಟ ಡಬ್ಬಿ ಬೇಕೇ ಬೇಕು. ನಾಲ್ಕಕ್ಕೆ ಶಾಲೆ ಬಿಟ್ಟು ಏಳರವರೆಗೆ ಓದಿ ಬರುವಾಗ ಬೇಕರಿಯ ಪಫ್ಸ್, ಹತ್ತು ರೂಪಾಯಿಯ ಪ್ಯಾಕೆಟ್ಟು ಹೊಟ್ಟೆ ಸೇರುವುದು ಆ ಹೊತ್ತಿನಲ್ಲೇ. ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2020ರಲ್ಲಿ ನಿಯಮ ತಂದಿದೆ. ಟ್ಯೂಷನ್ ಸೆಂಟರಿನ ಕೆಳಗಿನ ಅಂಗಡಿಯನ್ನು ಆ ನಿಯಮ ಮುಟ್ಟುವುದಿಲ್ಲ. 30 ಗ್ರಾಂ ಹುರಿಗಡಲೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಅದಕ್ಕೆ ಒಗ್ಗರಣೆ ಹಾಕಿದ ಮಂಡಕ್ಕಿ ಬೆರೆಸಿ, ಜೊತೆಗೊಂದು ಬಾಳೆಹಣ್ಣೋ ಕಡಲೆಬೀಜದ ಚಿಕ್ಕಿಯೋ ಇಡಿ. ಈ ಡಬ್ಬಿಯನ್ನು ಊಟದ ಚೀಲದಲ್ಲಿ ಇಡಬೇಡಿ, ಹತ್ತೂವರೆಯ ಬಿಡುವಿನಲ್ಲೇ ಖಾಲಿಯಾಗುತ್ತದೆ. ಟ್ಯೂಷನ್ ಪುಸ್ತಕ ಇರುವ ಖಾನೆಯಲ್ಲಿ ಇಡಿ.