ಹಿಂಡಿಯೊಳಗಿನ ಬೆಂಕಿ
ಎಣ್ಣೆ ತೆಗೆದ್ಮೇಲೆ ಉಳಿಯೋ ಹಿಂಡಿ ಬಗ್ಗೇನೇ ಇವತ್ತೆಲ್ಲ ಯೋಚ್ನೆ. ಶೇಂಗಾ ಹಿಂಡಿ ಆದ್ರೆ ದನ ತಿನ್ನುತ್ತೆ ಸರಿ, ಹರಳು ಹಿಂಡೀಲಿ ರಿಸಿನ್ ಅನ್ನೋ ವಿಷ ಇರುತ್ತೆ, ಹೊಂಗೆ ಹಿಂಡಿ ವಿಪರೀತ ಕಹಿ, ಇವೆರಡೂ ದನಕ್ಕೆ ಹಾಕೋಕಾಗಲ್ಲ. ಇಂಥ ಹಿಂಡೀನೇ ನೆನೆಸಿ ಬಯೋಗ್ಯಾಸ್ ಪ್ಲಾಂಟಿಗೆ ಹಾಕಿದ್ರೆ ಕೆಜಿಗೆ ಸಗಣಿಗಿಂತ ಎಷ್ಟೋ ಜಾಸ್ತಿ ಗ್ಯಾಸ್ ಬರುತ್ತೆ, ಯಾಕಂದ್ರೆ ಸಗಣಿ ಹಸು ಹೊಟ್ಟೇಲಿ ಒಂದ್ಸಲ ಅರಗಿ ಬಂದಿರೋದು, ಹಿಂಡೀಲಿ ಉಳಿದ ಎಣ್ಣೆ ಪ್ರೋಟೀನ್ ಎಲ್ಲ ಹಾಗೇ ಇರುತ್ತೆ. ಆದ್ರೆ ಆಸೆಬಿದ್ದು ಒಂದೇ ಸಲ ಸುರೀಬೇಡಿ ದಯವಿಟ್ಟು! ಹಿಂಡೀಲಿ ನೈಟ್ರೋಜನ್ ಜಾಸ್ತಿ, ಅದು ಅಮೋನಿಯಾ ಆಗಿ ಏರಿದ್ರೆ ಮೀಥೇನ್ (ಉರಿಯೋ ಗ್ಯಾಸ್) ಮಾಡೋ ಸೂಕ್ಷ್ಮಜೀವಿಗಳು ಕೆಲ್ಸ ನಿಲ್ಲಿಸಿಬಿಡ್ತವೆ. ಸಗಣಿ ಜೊತೆ ಸ್ವಲ್ಪ ಸ್ವಲ್ಪ ಬೆರೆಸ್ತಾ ಹೋಗ್ಬೇಕು. ನಂಗೆ ತುಂಬಾ ಇಷ್ಟವಾದದ್ದು ಏನಂದ್ರೆ, ಗ್ಯಾಸ್ ಉರಿದು ಹೋದ್ರೂ ಆ ನೈಟ್ರೋಜನ್ ಪ್ಲಾಂಟಿಂದ ಹೊರಬರೋ ಸ್ಲರಿಯಲ್ಲೇ ಉಳಿದು ವಾಪಸ್ ಹೊಲಕ್ಕೇ ಗೊಬ್ಬರವಾಗಿ ಹೋಗುತ್ತೆ.