ಅಪ್ಪನ ಹಾರ್ಟು, ಗೌರಿ ಹೂವು

ಅಪ್ಪಂಗೆ ಸ್ಟೆಂಟ್ ಹಾಕ್ಸಿ ಇವತ್ತಿಗೆ ಒಂದು ತಿಂಗಳು. ಅಲ್ಲೀವರೆಗೂ ನಾನು ಅನ್ಕೊಂಡಿದ್ದು ರಕ್ತನಾಳ ಅಂದ್ರೆ ನಲ್ಲಿ ಪೈಪ್ ಥರ, ಒಳಗೆ ಕೊಬ್ಬು ಕಟ್ಕೊಳತ್ತೆ, ಬ್ಲಾಕ್ ಆಗತ್ತೆ, ಅಷ್ಟೇ ಅಂತ. ನಿದ್ದೆ ಬರದ ರಾತ್ರಿಗಳಲ್ಲಿ ಓದ್ತಾ ಹೋದ್ರೆ ಹಂಗಲ್ವೇ ಅಲ್ಲ. ಕೊಬ್ಬು ಸೇರೋದು ನಾಳದ ಗೋಡೆ ಒಳಗೆ, ಅದನ್ನ ತಿಂದು ಹಾಕೋಕೆ ಬಿಳಿ ರಕ್ತಕಣಗಳು ಬರ್ತವೆ, ತಿಂದು ತಿಂದು ಎಷ್ಟೋ ಅಲ್ಲೇ ಸಾಯ್ತವೆ, ಉರಿಯೂತ ವರ್ಷಗಟ್ಟಲೆ ಒಳಗೊಳಗೇ ನಡೀತಿರತ್ತೆ. ಗೋಡೆ ದಪ್ಪ ಆದಂಗೆ ಒಳಗೆ ಆಕ್ಸಿಜನ್ ಸಾಲಲ್ಲ, ಆಗ ಹೊರಗಡೆಯಿಂದ ಕೂದಲಿಗಿಂತ ಸಣ್ಣ ಹೊಸ ನಾಳಗಳು ಬೆಳೆದು ಅದರೊಳಗೆ ನುಗ್ತವೆ. ಉಸಿರು ಕೊಡೋಕೆ ಅಂತಲೇ ದೇಹ ಮಾಡೋದು ಪಾಪ, ಆದ್ರೆ ಅವು ಗಟ್ಟಿ ಇರಲ್ಲ, ಸೋರ್ತವೆ, ಒಳಗೇ ರಕ್ತಸ್ರಾವ ಆಗಿ ಪ್ಲಾಕ್, ಅಂದ್ರೆ ಗೋಡೆ ಒಳಗಿನ ಆ ಕೊಬ್ಬಿನ ಗಂಟು, ಇನ್ನೂ ಊದ್ಕೊಂಡು ಬಿರಿಯೋ ಹಂಗಾಗತ್ತೆ. ಇದನ್ನ ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

2017ರ ಕ್ಯಾಂಟೋಸ್ ಅನ್ನೋ ಔಷಧಿ ಟ್ರಯಲ್‌ನಲ್ಲಿ ಕೊಲೆಸ್ಟ್ರಾಲ್ ಇಳಿಸದೆ ಬರೀ ಉರಿಯೂತ ಇಳಿಸಿದ್ರೂ ಹಾರ್ಟ್ ಅಟ್ಯಾಕ್ ಕಮ್ಮಿ ಆಯ್ತು, 10,000ಕ್ಕೂ ಹೆಚ್ಚು ಜನರಲ್ಲಿ ನೋಡಿದ್ದು. 2020ರಲ್ಲಿ ಕೀಲು ಊದಿ ನೋಯೋ ಗೌಟ್‌ಗೆ ಕೊಡೋ ಕಾಲ್ಚಿಸಿನ್, ದಿನಕ್ಕೆ 0.5 ಮಿಲಿಗ್ರಾಂ, ಅದೂ ಕೆಲಸ ಮಾಡ್ತು.

ಆ ಕಾಲ್ಚಿಸಿನ್ ನಮ್ಮ ಗೌರಿ ಹೂವಿನ ಗೆಡ್ಡೆ, ಬೀಜದಲ್ಲೂ ಇದೆ. ಗೆಡ್ಡೆ ಘೋರ ವಿಷ, ದಯವಿಟ್ಟು ಯಾರೂ ಮನೇಲಿ ಪ್ರಯೋಗ ಮಾಡ್ಬೇಡಿ. ಹಬ್ಬದ ಹಿಂದಿನ ದಿನ ಅಪ್ಪ ಬೇಲಿ ಸಂದಿಯಿಂದ ಕಿತ್ಕೊಂಡು ಬರ್ತಿದ್ದ ಹೂವು ಅದು.

ನಾಳೆ ಫಾಲೋಅಪ್, ಉರಿಯೂತ ಎಷ್ಟಿದೆ ಅಂತ ರಕ್ತದಲ್ಲಿ ನೋಡೋ ಸಿಆರ್‌ಪಿ ಟೆಸ್ಟ್ ಬಗ್ಗೆ ಡಾಕ್ಟ್ರನ್ನ ಕೇಳ್ಬೇಕು.