ಗಟಾರದೊಳಗಿನ ನಳದ ಪೈಪು

ಮುಂಬೈ ಝೋಪಡಿಗಳಲ್ಲಿರುವ ನಮ್ಮ ಕನ್ನಡದವರೇ, ನಳ ಬಂದ ಕೂಡಲೇ ಕೊಡ ಒಡ್ಡಬೇಡಿ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಗಟಾರದಲ್ಲಿ ಮುಳುಗಿದ ತುಕ್ಕು ಹಿಡಿದ ಜಾಯಿಂಟು ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ನಳಕ್ಕೇ ಮೋಟಾರ್ ಕಟ್ಟಿದರೆ ಈ ಎಳೆತ ಇನ್ನೂ ಜೋರು. ಬಣ್ಣ, ವಾಸನೆ ಹೋಗುವವರೆಗಿನ ನೀರು ಸಂಡಾಸಿಗಿರಲಿ. ಆಮೇಲೆ ಹಿಡಿದದ್ದು ತಿಳಿಯಾಗಿ ಕಂಡರೂ ಕುಡಿಯುವ ಮುಂಚೆ ಕುದಿಸಲೇಬೇಕು. ಬಡವರ ಗ್ಯಾಸ್ ಇದಕ್ಕೇ ಉರಿಯಬೇಕಾದದ್ದು ನಿಜಕ್ಕೂ ಅನ್ಯಾಯ.

ಮನೆ 2000ದ ನಂತರ ಕಟ್ಟಿದ್ದೆಂದು ಪಾಲಿಕೆಯವರು ನಳ ನಿರಾಕರಿಸಿದರೆ ಸುಮ್ಮನಿರಬೇಡಿ. ನೀರಿನ ಹಕ್ಕಿಗಾಗಿ ಹೋರಾಡುವ ಪಾನಿ ಹಕ್ ಸಮಿತಿ ಹಾಕಿದ ಅರ್ಜಿಯಲ್ಲಿ ಬಾಂಬೆ ಹೈಕೋರ್ಟ್ 2014ರ ಡಿಸೆಂಬರಿನಲ್ಲೇ ತೀರ್ಪು ಕೊಟ್ಟಿದೆ: ಗುಡಿಸಲು ಅಕ್ರಮವಾದರೂ ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ. ನಳಕ್ಕಾಗಿ ನೀವು ಕೊಟ್ಟ ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ವಾರ್ಡ್ ಕಚೇರಿಯಿಂದ ಹೊರಬರಬೇಡಿ.